ಭಾವ ಮಾಡಿದ ಹಾಗೆ

"ಭಾವ ಅಳೆಯೋದೇ ಇಲ್ಲಪ್ಪ, ಎಲ್ಲಾ ಕಣ್ಣಂದಾಜು," ಎಂದಳು ಹೆಂಡತಿ. ಗಂಡ ಕೆಮ್ಮಿನ ಸಿರಪ್ಪಿನ ಪುಟ್ಟ ಪ್ಲಾಸ್ಟಿಕ್ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಟಕೀಲಾ ಅಳೆಯುತ್ತಿದ್ದ. ಔಷಧಿ ಅಂಗಡಿಯವನು, ಗೆರೆ ದಾಟಿ ಅಭ್ಯಾಸವಿಲ್ಲ.

"ಇದನ್ನ ಊಟಕ್ಕೆ ಮುಂಚೆ ತಗೋಬೇಕೋ, ಆಮೇಲೋ?"

ಅವನು ನಗಲಿಲ್ಲ. ಹೋದ ಭಾನುವಾರ ಅವಳ ಅಕ್ಕನ ಮನೆಯಲ್ಲಿ ಅಕ್ಕನ ಗಂಡ ಇದೇ ಮೆಕ್ಸಿಕೋದ ಖಾರದ ಕಾಕ್‌ಟೇಲ್ ಮಾಡಿಕೊಟ್ಟಾಗ ಇವಳು "ಆಹಾ ಭಾವ!" ಎಂದಿದ್ದಳು. ಮದುವೆಯಾದಾಗಿನಿಂದ ಇವನ ಪಾಲಿಗೆ ಬಂದದ್ದು ಬರೀ "ಪರವಾಗಿಲ್ಲ". ಅವತ್ತಿನಿಂದ ಷಡ್ಡಕನನ್ನು ನೆನೆದರೆ ಸಾಕು, ಷಡ್ರಸದಲ್ಲಿ ಕಹಿಯೊಂದೇ ಬಾಯಿಗೆ ಬರುತ್ತಿತ್ತು. ಆ "ಆಹಾ" ಇವತ್ತು ತನ್ನ ಅಡುಗೆಮನೆಯಲ್ಲಿ ಕೇಳಲೇಬೇಕು.

ಹಸಿಮೆಣಸಿನಕಾಯಿಯ ಬಿಲ್ಲೆಗಳನ್ನು ಚಮಚದ ಬೆನ್ನಿನಿಂದ ಜಜ್ಜಿದ.

"ಪಾಪ, ಅದರ ಮೇಲೇನು ಸಿಟ್ಟು?"

ಅವನು ಟಕೀಲಾ, ನಿಂಬೆರಸ, ಕಿತ್ತಳೆಯ ಮದ್ಯ, ಐಸು ಎಲ್ಲವನ್ನೂ ಸ್ಟೀಲ್ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಭುಜ ನೋಯುವಷ್ಟು ಕುಲುಕಿದ. ಗ್ಲಾಸಿನ ಅಂಚಿಗೆ ನಿಂಬೆಹೋಳು ಸವರಿ, ಖಾರದಪುಡಿ ಬೆರೆಸಿದ ಉಪ್ಪಿನಲ್ಲಿ ಬೋರಲು ಒತ್ತಿ, ಸೋಸಿ ಸುರಿದುಕೊಟ್ಟ.

ಅವಳು ಒಂದು ಗುಟುಕು ಕುಡಿದಳು. "ಪರವಾಗಿಲ್ಲ. ಆದ್ರೂ ಭಾವನ ಗತ್ತೇ ಬೇರೆ ಬಿಡಿ."

ಗತ್ತಂತೆ ಗತ್ತು! ಅವನು ಹೊಟ್ಟೆ ಮುಂದೆ ಮಾಡಿ, ಒಂದು ಹುಬ್ಬು ಹಾರಿಸಿ, ಮೂಗಿನಲ್ಲಿ ದನಿ ಎಳೆದು ಷಡ್ಡಕನನ್ನು ಅಣಕಿಸಿದ: "ನೋಡಮ್ಮಾss... ಮೊದಲನೇ ಗುಟುಕು ನಾಲಿಗೆಗೆ, ಎರಡನೇದು ಕಿವಿಗೆ. ಮೂರನೇದು ಎಲ್ಲಿಗೆ ಅಂತ ನಿಮ್ಮಕ್ಕಂಗೆ ಹೇಳ್ಬೇಡ!"

ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಥೇಟ್ ಅವರೇ!" ಎನ್ನುತ್ತಾ ಹಾರಿ ಅಡುಗೆಕಟ್ಟೆಯ ಮೇಲೆ ಕೂತಳು. ಕಾಲಾಡಿಸುತ್ತಾ ಗುಟುಕಿನ ಮೇಲೆ ಗುಟುಕು ಕುಡಿದಳು. "ಆಹಾ! ಈಗ ನೋಡಿ ರುಚಿ ಬಂತು."

ಬಂದೇ ಬಿಟ್ಟಿತು ಆಹಾ! ಗೆದ್ದ ಖುಷಿಯಲ್ಲಿ ಅವನು ಹೊಟ್ಟೆ ಒಳಗೆಳೆದುಕೊಂಡು, ತನ್ನದೇ ದನಿಯಲ್ಲಿ ಮೆಲ್ಲಗೆ ಕೇಳಿದ: "ಇನ್ನೊಂದು ಮಾಡ್ಲಾ?"

ಆಡುತ್ತಿದ್ದ ಕಾಲು ನಿಂತಿತು. ಅವಳು ಖಾಲಿ ಗ್ಲಾಸು ಮುಂದೆ ಚಾಚಿದಳು.

"ಮಾಡಿ. ಆದ್ರೆ ನೀವು ಮಾತಾಡ್ಬೇಡಿ... ಭಾವಾನೇ ಮಾತಾಡ್ಲಿ."