ಸೆರಗಿನ ಮೇಲಿನ ಕಾಲು

"ಅನಸವ್ವಾ, ಅಲ್ಲಿ ಬ್ಯಾಡ. ಇಲ್ಲಿ ಬಾ, ನನ್ನ ಕಾಲ್ ಬಲ್ಲಿ ಕುಂದ್ರು," ಎಂದು ಅಂಬಿಗ ಪೀರಪ್ಪ ದಿನದಂತೆ ಕರೆದ. ದೋಣಿಯ ಇನ್ನೊಂದು ತುದಿಯಲ್ಲಿ ಕಂಬಳಿ ಮುಸುಕು ಹಾಕಿ ಕುಳಿತಿದ್ದವನ ಮೈ ಉರಿಯಿತು. ಅವನು ಅನಸುಬಾಯಿಯ ಗಂಡ ಚಂದ್ರಾಮ.

ಚಂದ್ರಾಮನದು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಕೆಲಸ, ವಾಸವೂ ಅಲ್ಲೇ. ಹೆಂಡತಿ ಊರಲ್ಲಿದ್ದು, ಹೊಳೆ ದಾಟಿ ಶಹಾಬಾದಕ್ಕೆ ಕಲ್ಲಿನ ಕೆಲಸಕ್ಕೆ ಹೋಗುವವಳು. "ನಿನ್ನ ಹೇಣ್ತಿಗಿ ದೋಣ್ಯಾಗ ಖಾಯಂ ಜಾಗಾ ಅದ ನೋಡು, ಪೀರಪ್ಪನ ಬಲ್ಲಿ," ಎಂದು ಜೊತೆಗಾರನೊಬ್ಬ ಕಿವಿ ಊದಿದ್ದ. ಸಂಶಯದ ಮನುಷ್ಯನಿಗೆ ಅಷ್ಟೇ ಸಾಕು. ಡ್ಯೂಟಿ ತಪ್ಪಿಸಿ ಓಡಿ ಬಂದಿದ್ದ.

ಕಾಗಿಣಾ ಹೊಳೆ ತುಂಬಿ ಹರಿಯುತ್ತಿತ್ತು. ನಡುಹೊಳೆ ಬರುತ್ತಲೇ ಪೀರಪ್ಪ ಹುಟ್ಟು ಹಾಕುತ್ತ ನಿಂತಲ್ಲೇ ಎಡಗಾಲು ಚಾಚಿ ಅನಸುಬಾಯಿಯ ಸೆರಗನ್ನು ಮೆಟ್ಟಿಕೊಂಡ. ಆಕೆ ಕೊಸರಲಿಲ್ಲ. ನೋಡಿದ ಮಂದಿ ಅತ್ತ ಮುಖ ತಿರುಗಿಸಿದರು. ಅಂದರೆ ಎಲ್ಲರಿಗೂ ಗೊತ್ತು!

ಚಂದ್ರಾಮ ಕಂಬಳಿ ಒಗೆದು ಎದ್ದ. ದೋಣಿ ಹೊಯ್ದಾಡಿತು.

"ಏ ಮಗನ, ನನ್ನ ಹೇಣ್ತಿ ಸೆರಗಿನ ಮ್ಯಾಲ ಕಾಲ್ ಯಾಕಿಟ್ಟಿ? ತೆಗಿ!"

"ಹೊಳಿ ದಂಡಿ ಬರ್ಲಿ, ತೆಗೀತೀನಿ," ಎಂದ ಪೀರಪ್ಪ. ಕಾಲು ಕದಲಲಿಲ್ಲ.

ಏನು ಸೊಕ್ಕು! ಚಂದ್ರಾಮ ಮಂದಿಯನ್ನು ದಾಟಿ ಹೋಗಿ ಅವನ ಅಂಗಿಗೇ ಕೈ ಹಾಕಿದ. ಬಳೆ ಮಾರುವ ಮುದುಕಿ ಜೈತುನ್ಬೀ ಆ ಕೈಯನ್ನು ಹಿಡಿದು ಜಗ್ಗಿದಳು.

"ಈಕಿ ಪಂಚಮಿಗಿ ತವರಿಗಿ ಹೋಗ್ತೀನಿ ಅಂದ್ರ, ಯಾವನ್ನ ನೋಡ್ಲಾಕ ಅಂತ ಬೈದು, ಒಳಗ ಹಾಕಿ ಕೀಲಿ ಜಡದಿದ್ದಿಲ್ಲ? ನೀ ವಾಡಿಗಿ ಹ್ವಾದ ಮರುದಿನ ನಿನ್ನ ಹೇಣ್ತಿ ಇಲ್ಲೇ ಹೊಳಿಗಿ ಹಾರಿದ್ಳು. ಪೀರಪ್ಪ ಜಿಗದು ತಗದ. ಒಮ್ಮೆ ಹಾರಿದವ್ರ ಸೆರಗ ಅಂಬಿಗರು ದಂಡಿ ಮುಟ್ಟೋತನಾ ಬಿಡಂಗಿಲ್ಲ. ನಿನಗ ಹೇಳಬಾರ್ದಂತ ನಮಗೆಲ್ಲಾ ಆಣಿ ಹಾಕ್ಯಾಳ."

ಚಂದ್ರಾಮ ಪೀರಪ್ಪನ ಅಂಗಿ ಬಿಟ್ಟು ಹೆಂಡತಿಯ ಪಕ್ಕ ಕುಳಿತ. ಅಂದು ಆಕೆ ಒಳಗಿನಿಂದ ಬಾಗಿಲು ಬಡಿದದ್ದು, ತಾನು ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೇಳಿಸಿಕೊಂಡದ್ದು ನೆನಪಾಯಿತು.

ಪೀರಪ್ಪ ಕಾಲು ತೆಗೆದ. "ಇನ್ನ ನೀನೇ ಹಿಡ್ಕೋಪಾ. ಗಂಡ ಇದ್ದೀದಿ."

ಚಂದ್ರಾಮ ಗಡಬಡಿಸಿ ಸೆರಗನ್ನು ಮುಷ್ಟಿಗೆ ಸುತ್ತಿಕೊಂಡು ಬಿಗಿಯಾಗಿ ಹಿಡಿದ. ಅಲ್ಲಿಯವರೆಗೂ ನೀರನ್ನೇ ನೋಡುತ್ತಿದ್ದ ಅನಸುಬಾಯಿ ಆಗ ಬಾಯಿ ಬಿಟ್ಟಳು.

"ಸಡ್ಲ ಹಿಡೀರಿ. ಪೀರಪ್ಪಣ್ಣ ಕಾಲ್ ಇಟ್ರ ಉಸುರಾಡ್ಲಾಕ ಬರ್ತಿತ್ತು."