ಎರಡನೆಯ ಸುತ್ತು

ಪರದೆಯ ಹಿಂದೆ ಹೋದ ಒದಿಲ್ ಹೊರಗೆ ಬರಲೇ ಇಲ್ಲ. ಪರದೆ ಮೊಣಕಾಲವರೆಗಷ್ಟೇ ಇತ್ತು. ಕೆಳಗೆ ಅವಳ ಕಂದು ಚಪ್ಪಲಿಗಳು ಅಲುಗಾಡದೆ ನಿಂತಿದ್ದು ಎಲ್ಲರಿಗೂ ಕಾಣುತ್ತಿತ್ತು. ಶಾಲೆಯ ಊಟದ ಕೋಣೆಯಲ್ಲಿ ಮತದಾರರ ಸಾಲು ಬೆಳೆಯುತ್ತಲೇ ಇತ್ತು.

"ಇರೋದೇ ಇಬ್ಬರ ಹೆಸರಿನ ಎರಡು ಚೀಟಿ. ಒಂದು ಲಕೋಟೆಗೆ, ಇನ್ನೊಂದು ಕಸದ ಬುಟ್ಟಿಗೆ. ಅದಕ್ಕೆ ಇಷ್ಟು ಹೊತ್ತಾ?" ಮುದುಕ ಫೆರ್ನಾಂ ಗೊಣಗಿದ. "ನಾನು ಬಂದಿದ್ದೇ ಇವಳ ಮಾತು ಕೇಳಿ. ಇಲ್ದಿದ್ರೆ ಇಷ್ಟೊತ್ತಿಗೆ ಹೊಳೆ ದಂಡೇಲಿ ಗಾಳ ಹಾಕ್ಕೊಂಡು ಕೂತಿರ್ತಿದ್ದೆ."

"ನಿನ್ನ ಗಾಳಕ್ಕೆ ಯಾವತ್ತು ಮೀನು ಬಿದ್ದಿದೆಯೋ?" ಎಂದು ಹಿಂದಿನವನೊಬ್ಬ ಚುಚ್ಚಿದ. ಸಾಲು ನಕ್ಕಿತು. ಎರಕದ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದಾಗ ಮನೆ ಸೇರಿದವರೇ ಎಲ್ಲ. ಪಕ್ಕದಲ್ಲೇ ನಿಂತಿದ್ದ ಒದಿಲಳ ಗೆಳತಿ ಸೊಲಾಂಜಳಿಗೆ ಮಾತ್ರ ನಗು ಬರಲಿಲ್ಲ.

ಹಿಂದಿನ ಭಾನುವಾರ ಚುನಾವಣೆಯ ಮೊದಲ ಸುತ್ತಿನಲ್ಲಿ, ಅಭ್ಯರ್ಥಿಯಾಗಿದ್ದ ಸೊಲಾಂಜ್ ಮೂರನೆಯವಳಾಗಿದ್ದಳು. ತಾನು ಕಣದಲ್ಲಿ ಉಳಿದರೆ ಮತ ಒಡೆದು, ಕಡು ಬಲಪಂಥದ ಹುಡುಗ ಗೆದ್ದುಬಿಡುತ್ತಾನೆ. ಹಾಗಾಗಿ ಹಿಂದೆ ಸರಿದಳು. ಸರಿಯುವುದೆಂದರೆ ಕಣದಲ್ಲಿ ಉಳಿಯುವ ಇನ್ನೊಬ್ಬ ಅಭ್ಯರ್ಥಿ ಕಾರ್ಲಿಯೆಗೆ ಮತ ಹಾಕಿ ಎಂದು ಕೇಳುವುದು. ಎರಕದ ಕಾರ್ಖಾನೆಗೆ ಬೀಗ ಜಡಿದ ಅದೇ ಕಾರ್ಲಿಯೆಗೆ. ಬೀಗ ಬಿದ್ದ ವರ್ಷವೇ ಒದಿಲಳ ಗಂಡ ರೆಜಿಸ್ ಗ್ಯಾರೇಜಿನಲ್ಲಿ ನೇಣು ಹಾಕಿಕೊಂಡಿದ್ದ. ಸರಿಯುವ ಪತ್ರಕ್ಕೆ ಸಹಿ ಮಾಡಲು ಸೊಲಾಂಜಳ ಕೈ ಏಳದಿದ್ದಾಗ, "ಹಾಕೇ, ಊರು ಉಳೀಲಿ" ಎಂದವಳು ಒದಿಲಳೇ. ಆಮೇಲೆ ಮನೆಮನೆಯ ಬಾಗಿಲು ತಟ್ಟಿ, ಗಂಟಲು ಕಟ್ಟುವ ತನಕ ಬೇಡಿದವಳೂ ಅವಳೇ: "ಮೂಗು ಮುಚ್ಕೊಂಡು ಕಾರ್ಲಿಯೆಗೆ ಹಾಕ್ರಪ್ಪಾ." ರೆಜಿಸನ ಹೆಂಡತಿಯೇ ಬಂದು ಕೇಳಿದರೆ ಇಲ್ಲವೆನ್ನಲು ಯಾರಿಗೆ ಬಾಯಿ ಬಂದೀತು?

ಮತಗಟ್ಟೆಯ ಅಧ್ಯಕ್ಷ ಪಿರಾರ್ ಪೆಟ್ಟಿಗೆಯ ಹಿಂದಿನಿಂದ ಕತ್ತು ಚಾಚಿದ. "ಹುಷಾರಿಲ್ವೇನೋ, ಒಂಚೂರು ವಿಚಾರಿಸಿ ಮೇಡಂ. ಆದ್ರೆ ಪರದೆ ಮಾತ್ರ ಸರಿಸಬೇಡಿ."

ಸೊಲಾಂಜ್ ಪರದೆಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು. "ಏನಾಯ್ತೇ?"

"ಚೀಟಿ ಮಡಚಿದೆ. ಆ ಕಾರ್ಲಿಯೆ ಹೆಸರು ಮೇಲೆ ಬಂತು. ತಿರುಗಿಸಿ ಮಡಚಿದೆ. ಕಾಗದದ ಹಿಂದಿಂದ್ಲೂ ಕಾಣುತ್ತೆ."

"ಕಣ್ಮುಚ್ಕೊಂಡು ತುರುಕಿಬಿಡು ಮಾರಾಯ್ತಿ."

"ಮುಚ್ಚಿ ನೋಡ್ದೆ. ಗ್ಯಾರೇಜ್ ಕಾಣುತ್ತೆ ಕಣೆ."

ರೆಜಿಸನನ್ನು ಕೆಳಗಿಳಿಸುವಾಗ ಅವನ ಕಾಲು ಹಿಡಿದವಳು ಸೊಲಾಂಜಳೇ. ಆದರೂ ಕೇಳಿದಳು. "ನಿನ್ನ ಪಕ್ಕದ್ಮನೆ ನಾಯ್ಮಾ ಬಾಗಿಲ ಮೇಲೆ 'ನಿನ್ನ ದೇಶಕ್ಕೆ ಹೋಗು' ಅಂತ ಬರೆದು ಹೋಗಿದ್ರಲ್ಲ, ಮರೆತ್ಯಾ? ಆ ಹುಡುಗ ಗೆದ್ರೆ ಅವಳು ಈ ಬೀದೀಲಿ ಹೆಂಗೆ ಬಾಳ್ತಾಳೆ?"

"ಬ್ರಷ್ ಹಿಡಿದು ಅದನ್ನ ಉಜ್ಜಿದೋಳು ನಾನು. ನನಗೆ ಹೇಳ್ತೀಯಾ?"

"ಮತ್ತೆ? ಇವ್ರೆಲ್ಲ ನಿನ್ನ ಮುಖ ನೋಡಿ ಬಂದೋರು ಒದಿಲ್. ನೀನೇ ಹಾಕ್ದೆ ಹೋದ್ರೆ ಬಂದ ದಾರೀಲೇ ತಿರುಗಿ ಹೋಗ್ತಾರೆ."

ಒಳಗೆ ಕಾಗದ ಸರಿದ ಸದ್ದಾಯಿತು. ಪರದೆ ಸರಿಸಿಕೊಂಡು ಒದಿಲ್ ಹೊರಬಂದಳು. ಕೈಯಲ್ಲಿದ್ದ ಲಕೋಟೆಯೊಳಗೆ ಏನಾದರೂ ಇದೆಯೇ, ಇಲ್ಲವೇ, ಸೊಲಾಂಜಳಿಗೆ ತಿಳಿಯಲಿಲ್ಲ. ಒದಿಲ್ ಸೀದಾ ಪೆಟ್ಟಿಗೆಯ ಮುಂದೆ ಹೋಗಿ ನಿಂತಳು. ಪಿರಾರ್ ಅವಳ ಹೆಸರನ್ನು ಗಟ್ಟಿಯಾಗಿ ಓದಿ ಹಿಡಿ ಎಳೆದ. ಪೆಟ್ಟಿಗೆಯ ಬಾಯಿ ತೆರೆಯಿತು. ಗಾಜಿನಂಥ ಗೋಡೆಯ ಒಳಗೆ ಊರಿನ ಲಕೋಟೆಗಳೆಲ್ಲ ಒಂದರ ಮೇಲೊಂದು ಬಿದ್ದುಕೊಂಡಿದ್ದವು.

ಒದಿಲಳ ಕೈ ಮೇಲೆದ್ದದ್ದು ಅಲ್ಲೇ ನಿಂತಿತು. ಫೆರ್ನಾಂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬಾ, ನಾನೂ ಕೈ ಹಿಡೀತೀನಿ," ಎಂದಳು ಸೊಲಾಂಜ್.

ಒದಿಲ್ ತಿರುಗಿ ನೋಡಲಿಲ್ಲ.

"ಹಾಕಿ ಮೇಡಂ," ಎಂದ ಪಿರಾರ್, ಮೆಲ್ಲಗೆ. "ಹಿಂದೆ ಜನ ಇದಾರೆ."

"ಗೊತ್ತು ಪಿರಾರ್. ಕರ್ಕೊಂಡು ಬಂದೋಳು ನಾನೇ." ಒದಿಲ್ ಕೈ ಕೆಳಗಿಳಿಸಿದಳು. "ಅವರು ಹಾಕ್ಲಿ. ನಾನು ಹಾಕಲ್ಲ."