ಮೈವಾಸ್ತವ್ಯ

ಪ್ರತಿ ಭಾನುವಾರ ಬೆಳಿಗ್ಗೆ ಅಗ್ನೇಲಾ ಸಿದ್ದಿಗಳ ಸಂಘದ ಮಂಚದ ಮೇಲೆ ಕಣ್ಣು ಮುಚ್ಚುತ್ತಾಳೆ. ಪ್ರವಾಸಿಯೊಬ್ಬಳ ಜೀವ ಅವಳ ಮೈಗೆ ಇಳಿಯುತ್ತದೆ. ಪ್ರವಾಸಿ ಆ ಮೈಯಲ್ಲಿ ಡಮಾಮ ಡೋಲು ಬಡಿದು, ಕುಣಿದು, ಪೇಟೆ ಸುತ್ತಿ, ಸಂಜೆ ಹೊರಟುಹೋಗುತ್ತಾಳೆ. ಸಿದ್ದಿಗಳ ಏಳಿಗೆಗೆಂದೇ ಬಂದ ಯೋಜನೆ ಇದು. ಅಗ್ನೇಲಾ ಎಚ್ಚರಾದಾಗ ಅಂಗೈ ಉರಿಯುತ್ತಿರುತ್ತದೆ, ನಾಲಿಗೆಯಲ್ಲಿ ಪೇಟೆಯ ಹೋಟೆಲಿನ ಬನ್ಸಿನ ರುಚಿ ಇರುತ್ತದೆ.

"ಎಷ್ಟು ಒಳ್ಳೇ ಜನ ರೀ! ಹೋಟೆಲಿನವರೇ ಎದ್ದು ಬಂದು ಕುರ್ಚಿ ಕೊಟ್ರು," ಎಂದು ಎಲ್ಲ ಪ್ರವಾಸಿಗರೂ ಹೊಗಳುತ್ತಾರೆ.

ಈ ಮಂಗಳವಾರ ಅಗ್ನೇಲಾ ತಾನೇ ಆ ಹೋಟೆಲಿಗೆ ಹೋದಳು. ಮಾಲೀಕರು ನಗುತ್ತ ಎದ್ದು ಕುರ್ಚಿ ಎಳೆದರು.

"ಬನ್ನಿ ಬನ್ನಿ. ಯಾವೂರಿಂದ ಬಂದ್ರಿ?"

"ಇದೇ ಊರು."

"ಅಲ್ಲ, ಒಳಗಿರೋರು ಯಾರು?"

"ನಾನೇ. ಅಗ್ನೇಲಾ."

ಮಾಲೀಕರು ಕುರ್ಚಿಯನ್ನು ಮತ್ತೆ ಮೇಜಿನ ಕೆಳಗೆ ತಳ್ಳಿದರು.

"ಮುಂಚೇನೇ ಹೇಳ್ಬಾರ್ದಾ? ಹಿಂದಿನ ಬಾಗಿಲಿಗೆ ಬಾ, ಕಟ್ಟಿಕೊಡ್ತೆ."